ಒಡ್ಡಿನ ರೊಟ್ಟಿ

ರೋಣದ ಹಳೇ ಬಾವಿ ಓಣಿಯಲ್ಲಿ ಕರೆವ್ವನಿಗೆ ತೋರಿಸದೆ ಯಾರೂ ರೊಟ್ಟಿ ತಿನ್ನುತ್ತಿರಲಿಲ್ಲ ಎಂದರೆ ಮಾತು ಸ್ವಲ್ಪ ಹೆಚ್ಚಾಗುತ್ತದೆ. ತೋರಿಸದೆ ತಿನ್ನುವವರು ಬಾಗಿಲು ಮುಂದಕ್ಕೆ ಮಾಡಿಕೊಂಡು ತಿನ್ನುತ್ತಿದ್ದರು ಎಂದರೆ ಸರಿಯಾಗುತ್ತದೆ. ಯಾರ ಮನೆಯ ಬುಟ್ಟಿಯಲ್ಲಿರಲಿ, ಅವಳು ರೊಟ್ಟಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು, ಉಗುರಿನಿಂದ ಟಕ್ಕೆಂದು ಬಡಿದು ನೋಡುತ್ತಿದ್ದಳು, ಆಮೇಲೆ ತೀರ್ಪು.

"ಎಸರು ಕುದಿಯೂಕಿಂತ ಮೊದಲ ಹಿಟ್ಟು ಹಾಕೀಯವಾ."

"ಇದನ್ನ ಬಡಿಯೂಮುಂದ ಗಂಡನ ಜೋಡಿ ಜಗಳ ಆಡೀದಿ. ನಡಕ ನೋಡು, ಹ್ಯಾಂಗ ತೂತ ಬಿದ್ದೈತಿ."

ಹೇಳಿದ್ದು ಹತ್ತಕ್ಕೆ ಒಂಬತ್ತು ಸಲ ಖರೇ ಇರುತ್ತಿತ್ತು. ಹತ್ತನೆಯ ಸಲ ಜಗಳ ಆಡಿರುತ್ತಿರಲಿಲ್ಲ. ಕರೆವ್ವ ಎದ್ದು ಹೋದ ಮೇಲೆ ಆಡುತ್ತಿದ್ದರು.

ಅವಳಿಗೆ ಐವತ್ತೆಂಟು ವಯಸ್ಸು. ಗಂಡ ಗವಿಸಿದ್ದಪ್ಪ ನಾಲ್ಕೆಕರೆ ಎರೆಹೊಲ ನೋಡಿಕೊಂಡು, ಮಾತು ಕಡಿಮೆ ಮಾಡಿಕೊಂಡು ಇದ್ದವನು. ಮಗ ಹಾಲೇಶ ಹೊಳೆಆಲೂರು ಸ್ಟೇಷನ್ನಿಗೆ ಟಂಟಂ ಓಡಿಸುತ್ತಿದ್ದ. ಸೊಸೆ ರಾಜೇಶ್ವರಿ ಆ ಮನೆಗೆ ಬಂದು ಏಳು ವರ್ಷ. ಏಳು ವರ್ಷವೂ ಪಂಚಮಿ ಬಂದಾಗ ಅವಳಿಗೆ ಹಿಟ್ಟು ಸಾಣಿಸುವ ಕೆಲಸ, ಒಲೆಗೆ ಉರಿ ಇಡುವ ಕೆಲಸ. ಹಬ್ಬಕ್ಕೆ ಮನೆಮನೆಗೆ ಬೀರುವ ರೊಟ್ಟಿಗೆ ಮಾತ್ರ ಅವಳು ಕೈ ಹಚ್ಚುವಂತಿರಲಿಲ್ಲ. "ನಿನ್ನ ಕೈ ಇನ್ನೂ ಕುಂತಿಲ್ಲವಾ" ಎನ್ನುವುದು ಕರೆವ್ವನ ಕಾಯಂ ಮಾತು. ರಾಜೇಶ್ವರಿ ಹೂಂ ಅನ್ನುತ್ತಿದ್ದಳು, ಉರಿ ಇಡುತ್ತಿದ್ದಳು.

ಈ ವರ್ಷ ಶ್ರಾವಣಕ್ಕೆ ಒಂದು ತಿಂಗಳು ಮುಂಚೆ ಹೆಣ್ಣುಮಕ್ಕಳ ಸಂಘಕ್ಕೆ ಗದಗದಿಂದ ಒಬ್ಬರು ಬಾಯಾರು, ಅಂದರೆ ಮೇಡಂ, ತರಬೇತಿ ಕೊಡಲು ಬಂದರು. ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. "ನಿಮ್ಮನ್ನ ನೀವು ತಿಳಕೊಳ್ಳೂದು ಮೊದಲನೇ ಮೆಟ್ಟಲ. ಅದನ್ನ ದಾಟದ ಮುಂದಿನದು ಹತ್ತಾಕ ಬರಂಗಿಲ್ಲ. ನಿಮ್ಮೊಳಗ ತಿದ್ದಿಕೊಳ್ಳಬೇಕಾದ್ದು ಒಂದು, ಬರೀರಿ. ಬರಿಯಾಕ ಬರದಿದ್ರ ಬಾಜೂದವರ ಕಡೆ ಬರಸ್ರಿ" ಎಂದರು.

ಕರೆವ್ವ ಹಾಳೆಯನ್ನು ಆ ಕಡೆ ಈ ಕಡೆ ತಿರುವಿ ನೋಡಿ ಖಾಲಿಯೇ ಮಡಚಿ ಕೊಟ್ಟಳು.

"ಯಾಕ್ರಿ ಅಮ್ಮಾ, ಏನೂ ಬರಸಲಿಲ್ಲ?"

"ಐವತ್ತೆಂಟು ವರ್ಷ ಆತ್ರಿ ಬಾಯಾರ, ನನ್ನ ಜೋಡೀನ ಅದೀನಿ. ಹುಡುಕಿದೆ, ಏನೂ ಸಿಗಲಿಲ್ಲ. ಬೇಕಾದ್ರ ಇಲ್ಲಿ ಕುಂತವರದು ಹೇಳ್ತೀನಿ, ಒಬ್ಬೊಬ್ಬರದು ಎರಡೆರಡು ಬರಕೊಳ್ರಿ."

ಸಂಘದ ಅಧ್ಯಕ್ಷೆ ಸಿದ್ದವ್ವ ಆ ಖಾಲಿ ಹಾಳೆಯನ್ನು ಚೆಲ್ಲಲಿಲ್ಲ. ನಡಾವಳಿ ಪುಸ್ತಕದೊಳಗೆ ಇಟ್ಟುಕೊಂಡಳು. ಸಿದ್ದವ್ವನಿಗೆ ಅವಸರ ಎಂಬುದು ಗೊತ್ತಿರಲಿಲ್ಲ.

ಅದೇ ಸಂಘ ರೊಟ್ಟಿ ಕೇಂದ್ರ ತೆಗೆಯುವುದೆಂದು ನಿಶ್ಚಯವಾಗಿತ್ತು. ಆರು ಒಲೆ, ಆರು ಮಂದಿ. ಕಡಕ್ ರೊಟ್ಟಿ ಮಾಡಿ ಗಜೇಂದ್ರಗಡ, ನರಗುಂದದ ಖಾನಾವಳಿಗಳಿಗೆ ಬಸ್ಸಿನಲ್ಲಿ ಕಳಿಸುವುದು. ಪಂಚಮಿ ಮುಗಿದ ಸೋಮವಾರ ಶುರು. ಆರು ಮಂದಿಯನ್ನು ಆರಿಸುವ ಕೆಲಸ ಕರೆವ್ವನದು, ಬಾಗಿಲ ಎದುರಿನ ಮೊದಲನೇ ಒಲೆಯೂ ಅವಳದು. ಬಾಗಿಲ ಮೇಲೆ ಹಾಕುವ ಫಲಕದಲ್ಲಿ ಮುಖ್ಯಸ್ಥೆ ಎಂದು ಅವಳ ಹೆಸರು ಬರೆಸುವುದೆಂದೂ ಮಾತಾಗಿತ್ತು. ಕರೆವ್ವನ ಹೆಸರು ಈವರೆಗೆ ರೇಷನ್ ಕಾರ್ಡು, ಮತದಾರರ ಪಟ್ಟಿ ಬಿಟ್ಟರೆ ಎಲ್ಲೂ ಬಿದ್ದಿರಲಿಲ್ಲ. ಅವಳಿಗೆ ಮೂರು ಶಬ್ದ ಓದಲು ಬರುತ್ತಿತ್ತು: ತನ್ನ ಹೆಸರು, ಗಂಡನ ಹೆಸರು, ಬಸ್ಸಿನ ಮೇಲಿನ ರೋಣ. ಫಲಕದ ಮೇಲೆ ಬಂದಾಗ ಓದಲು ಬರುತ್ತದಲ್ಲ ಎಂಬ ಸಮಾಧಾನ ಅವಳಿಗೆ ಆಗಲೇ ಇತ್ತು. ಸಂಘದ ಖೋಲಿಯ ಬಾಗಿಲ ಮುಂದೆ ಕಾರಣವಿಲ್ಲದೆ ನಾಲ್ಕೈದು ಸಲ ಹಾದುಹೋಗಿ, ಫಲಕಕ್ಕೆ ಜಾಗ ಸಾಲುತ್ತದೆಯೋ ಇಲ್ಲವೋ ಎಂದು ನೋಡಿಯೂ ಬಂದಿದ್ದಳು.

ಪಂಚಮಿಗೆ ಎರಡು ದಿನ ಮೊದಲು ರೊಟ್ಟಿ ಹಬ್ಬ. ಹದಿನೈದು ದಿನದಿಂದ ಬಡಿದು ಒಣಗಿಸಿ ಗೋಪುರದಂತೆ ಒಟ್ಟಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ ಅಂದು ಮನೆ ಬಿಟ್ಟು ಹೊರಡುತ್ತವೆ. ಐದೈದು ರೊಟ್ಟಿ, ಮೇಲೆ ಕಾಳುಪಲ್ಯ, ಚಟ್ನಿಪುಡಿಯಂಥ ಹಿಂಡಿ, ಅರಿವೆಯಲ್ಲಿ ಕಟ್ಟಿ ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಈ ಮನೆಗೆ. ಸಂಜೆಯ ಹೊತ್ತಿಗೆ ಪ್ರತಿ ಮನೆಯಲ್ಲೂ ಓಣಿಯ ಎಲ್ಲ ಕೈಗಳ ರೊಟ್ಟಿ ಸೇರಿರುತ್ತವೆ. ಅಷ್ಟನ್ನೂ ತಿನ್ನುವವರು ಯಾರು? ಒಬ್ಬರ ಮನೆಯಿಂದ ಬಂದದ್ದನ್ನು ಮತ್ತೊಬ್ಬರಿಗೆ ದಾಟಿಸುವುದುಂಟು. ದಾಟಿಸಿದೆ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಹಬ್ಬದ ಮರುದಿನ ಸಂಘದ ಖೋಲಿಯಲ್ಲಿ ಪರೀಕ್ಷೆ. ಕೇಂದ್ರಕ್ಕೆ ಬರಬೇಕೆನ್ನುವವರು ಒಂದೊಂದು ರೊಟ್ಟಿ ತಂದು ಹೆಸರು ಹೇಳದೆ ಒಂದೇ ಬುಟ್ಟಿಗೆ ಹಾಕಬೇಕು, ಕರೆವ್ವ ಮುಖ ನೋಡದೆ ರೊಟ್ಟಿ ನೋಡಬೇಕು. ಹನ್ನೊಂದು ರೊಟ್ಟಿ ಬಿದ್ದಿದ್ದವು. ಕರೆವ್ವ ಹೊಸ ಸೀರೆ ಉಟ್ಟು, ಬಾಯಲ್ಲಿ ಲವಂಗ ಹಾಕಿಕೊಂಡು ಬಂದು ಕುಳಿತಳು. ಒಂದು ಹೆಚ್ಚು ಸುಟ್ಟದ್ದು, ಒಂದು ಕಡಿಮೆ. ಒಂದು ಬಡಿದದ್ದೋ ತುಳಿದದ್ದೋ ತಿಳಿಯದು. ಏಳನೆಯದು ಸಜ್ಜಿ ರೊಟ್ಟಿ, ಮೇಲೆ ಎಳ್ಳು. ಅದನ್ನು ಎತ್ತಿ ಬೆರಳಿನಿಂದ ಅಂಚು ಸವರುತ್ತ ಹೋದವಳು ಒಂದು ಕಡೆ ಬೆರಳು ನಿಲ್ಲಿಸಿದಳು. ಮುಕ್ಕಾಲು ಪಾಲು ಎಲೆಯಂತೆ ತೆಳ್ಳಗೆ; ಉಳಿದ ಕಾಲು ಪಾಲು ದಪ್ಪ. ಎರೆಹೊಲದಲ್ಲಿ ಮಳೆನೀರು ನಿಲ್ಲಲೆಂದು ಮಣ್ಣು ಏರಿಸಿ ಒಡ್ಡು ಹಾಕುತ್ತಾರಲ್ಲ, ಅಂಥದ್ದು.

ಖೋಲಿಯಲ್ಲಿ ಕೆಮ್ಮು ಶುರುವಾಯಿತು. ಒಬ್ಬಳು ಕೆಮ್ಮಿದಳು, ಅವಳನ್ನು ನೋಡಿ ಇನ್ನೊಬ್ಬಳು. ಮೂವರು ಸೆರಗು ಬಾಯಿಗೆ ಹಚ್ಚಿಕೊಂಡರು. ಸಿದ್ದವ್ವ ಮಾತ್ರ ಪುಸ್ತಕದಲ್ಲಿ ಕಣ್ಣಿಟ್ಟಿದ್ದಳು.

"ಇದು ಯಾರ ಕೈ?" ಕರೆವ್ವ ರೊಟ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ಹಿಟ್ಟು ಚಲೋ ನಾದ್ಯಾಳ, ಎಳ್ಳ ಚಲೋ ಹಾಕ್ಯಾಳ. ಆದ್ರ ಲಕ್ಷ್ಯ ಇಲ್ಲ. ಕೆಲಸದಾಗ ಲಕ್ಷ್ಯ ಇಲ್ಲದಾಕಿ ಇಕಿ. ಇಂಥಾಕೀನ ಒಲಿ ಮುಂದ ಕುಂದರಿಸಿದ್ರ ಗಜೇಂದ್ರಗಡದ ಮಂದಿ ರೊಟ್ಟಿ ತಿಂದು ದವಾಖಾನಿಗೆ ಹೋಗಿ ಹಲ್ಲು ಕಟ್ಟಿಸ್ಕೊಬೇಕಾಗತೈತಿ."

"ಮತ್ತ ಏನ್ ಮಾಡೂದು?" ಎಂದಳು ಸಿದ್ದವ್ವ, ತಲೆ ಎತ್ತದೆ.

"ಇದನ್ನ ಮಾಡಿದಾಕಿ ಯಾರರೆ ಇರಲಿ, ಕೇಂದ್ರದ ಒಲಿ ಮುಟ್ಟೂಕಿಂತ ಮೊದಲ ಎಂಟು ದಿನ ಚಲೋ ರೊಟ್ಟಿ ಮಾಡಾಕಿ ಎದರಿಗೆ ಕುಂತು ಕಲೀಬೇಕು. ತಲಿ ತಗ್ಗಿಸಿ ಕುಂದರಬೇಕು. ಬಾಯಿ ಮುಚ್ಚಿಕೊಂಡು ಕುಂದರಬೇಕು."

"ಬರಕೊಳ್ಳಲೇನ?"

"ಬರಕೋ."

ಸಿದ್ದವ್ವ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಳು. ಬರೆಯಲು ಅವಳು ತೆಗೆದುಕೊಂಡ ಹೊತ್ತಿನಲ್ಲಿ ಇನ್ನೂ ಇಬ್ಬರಿಗೆ ಕೆಮ್ಮು ಬಂತು.

"ಈಗ ಹೇಳ್ರಿ, ಯಾರದು?"

ಮೂಲೆಯಿಂದ ಅಡಿವೆವ್ವ ಕೈ ಎತ್ತಿದಳು. ಓಣಿಯ ಎಲ್ಲರಿಗೂ ಆಯಿಯಾದ ಮುದುಕಿ. ಕೈಸಂದು ಹಿಡಿದು ರೊಟ್ಟಿ ಬಡಿಯುವುದು ಬಿಟ್ಟು ಆರು ವರ್ಷವಾಗಿತ್ತು. "ನಾ ತಂದದ್ದು ಕರೆವ್ವಾ. ಆದ್ರ ಮಾಡಿದ್ದು ನಾ ಅಲ್ಲ. ನಿಮ್ಮ ಕೇಂದ್ರದಾಗ ಒಲಿ ಬೆಚ್ಚಗಿರತೈತಿ, ಮಂದಿ ಇರತಾರ, ಕುಂದರಾಕ ಒಂದು ಜಾಗ ಆಗಲಿ ಅಂತ ಹಬ್ಬಕ್ಕ ಬಂದ ರೊಟ್ಟಿಯೊಳಗ ಒಂದನ್ನ ಹಾಕಿದೆ. ಕಣ್ಣ ಕಾಣಂಗಿಲ್ಲವಾ, ಯಾವದೋ ಕೈಗೆ ಸಿಕ್ಕಿತು."

"ಆಯಿ, ಕಳ್ಳತನಾ ಮಾಡೂದಾದ್ರ ಚಲೋ ರೊಟ್ಟಿ ಕದೀಬೇಕಿಲ್ಲ? ಯಾರ ಮನಿಯಿಂದ ಬಂದಿತ್ತು?"

"ಸೈರಾಬಾನು ಕೊಟ್ಟಿದ್ದು."

ಕರೆವ್ವ ಉಳಿದ ನಾಲ್ಕು ರೊಟ್ಟಿಯನ್ನು ಅಲ್ಲೇ ಬಿಟ್ಟು, ಆ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಯಾರು ಮಾಡಿದ್ದೆಂದು ಕಂಡುಹಿಡಿದು, ಅವಳ ಎದುರು ನಿಂತು ನಾಲ್ಕು ಮಾತು ಹೇಳದಿದ್ದರೆ ಊಟ ಸೇರುತ್ತಿರಲಿಲ್ಲ.

ಸೈರಾಬಾನು ಹೊಲಿಗೆ ಮಷಿನ್ನಿನ ಮುಂದೆ ಕುಳಿತಿದ್ದಳು. ಕರೆವ್ವ ಅವಳ ಹೊಸ್ತಿಲು ತುಳಿದು ಎರಡು ತಿಂಗಳಾಗಿತ್ತು. ಹೊಸ ಕುಪ್ಪಸದ ತೋಳು ಬಿಗಿ ಹೊಲಿದಳೆಂಬ ಸಿಟ್ಟು. ಆ ಸಿಟ್ಟಿಗೆ ಈ ಹಬ್ಬಕ್ಕೆ ರೊಟ್ಟಿಯನ್ನೂ ಕಳಿಸಿರಲಿಲ್ಲ.

"ಬಾ ಕರೆವ್ವಕ್ಕ. ತೋಳು ಬಿಚ್ಚಿ ಕೊಡಲೇನು?"

"ತೋಳಿನ ಮಾತು ಆಮ್ಯಾಲ. ಬಿಗಿ ಹೊಲದೀ ಅಂತ ಒಪ್ಪಗೊಂಡ್ಯಲ್ಲ, ಅಷ್ಟ ಸಾಕು."

"ನಾ ಬಿಗಿ ಹೊಲದಿಲ್ಲಕ್ಕ. ಅಳತೀಗೆ ಕೊಟ್ಟ ಕುಪ್ಪಸಾ ನಾಕ ವರ್ಷದ್ದು. ಕುಪ್ಪಸಾ ಇದ್ದಷ್ಟ ಐತಿ, ತೋಳ ಬೆಳದಾವು."

ಕರೆವ್ವ ಇದನ್ನು ಕೇಳಿಸಿಕೊಳ್ಳದವಳಂತೆ ಸೆರಗು ಬಿಚ್ಚಿ ರೊಟ್ಟಿ ಮುಂದೆ ಹಿಡಿದಳು. ಸೈರಾಬಾನು ರೊಟ್ಟಿಯನ್ನೂ ನೋಡಲಿಲ್ಲ, ಎಳ್ಳನ್ನೂ ನೋಡಲಿಲ್ಲ. ಅಂಚಿನ ಮೇಲೆ ಒಂದು ಬೆರಳಾಡಿಸಿದಳು, ಅಷ್ಟೇ. ಮುಖ ತಿರುಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಮೊದಲೇ ಪೋಣಿಸಿತ್ತು.

"ಹೌದು, ಅಡಿವೆವ್ವಾಯಿಗೆ ನಾನ ಕೊಟ್ಟಿದ್ದು. ನನಗ ಗಿರಣಿ ಲಕ್ಷ್ಮೀ ಕೊಟ್ಟಿದ್ದಳು. ನಮ್ಮ ಅತ್ತಿ ಬೀಬಿಜಾನಗ ಉಳದಿರೂದು ನಾಕ ಹಲ್ಲು. ಈ ಅಂಚು ಕಡಿಯಾಕ ಹೋಗಿ ಮೂರು ಮಾಡಕೊಂಡ್ರ ಏನ್ ಮಾಡಲಿ? ಅಡಿವೆವ್ವಾಯಿಗೆ ಒಂದೂ ಇಲ್ಲ, ಆಕಿಗೆ ಚಿಂತಿ ಇಲ್ಲ ಅಂತ ಅಲ್ಲಿಗೆ ಕಳಸಿದೆ."

ಒಳಗಿನಿಂದ ಬೀಬಿಜಾನ್ ದನಿ ಬಂತು: "ಕೈ ಚಲೋ ಐತಿ ಆ ಹೆಣಮಗಳದು. ಕಣ್ಣ ಒಂದ ಕಡೆ ನಿಲ್ಲಂಗಿಲ್ಲ."

"ಖರೇ ಹೇಳಿದ್ರಿ ನೋಡ್ರಿ," ಕರೆವ್ವನಿಗೆ ಬಹಳ ಹಿತವಾಯಿತು. "ನಾನೂ ಅದನ್ನ ಅಂದೆ. ಲಕ್ಷ್ಯ ಇಲ್ಲದ ಹೆಂಗಸು."

"ಕಾಲಿಲೆ ಮಾಡ್ಯಾಳೇನೋ," ಎಂದಳು ಸೈರಾಬಾನು.

"ಕಾಲಿಲೆ ಮಾಡಿದ್ರ ಇದಕ್ಕಿಂತ ಚಲೋ ಆಗತಿತ್ತು," ಎಂದು ಕರೆವ್ವ ಒಂದು ಮಾತು ಮೇಲೆ ಹಾಕಿ ಗಿರಣಿಯ ದಾರಿ ಹಿಡಿದಳು. ಹಿಂದೆ ಮಷಿನ್ ಸದ್ದು ಬಹಳ ಹೊತ್ತು ಬರಲಿಲ್ಲ. ನಗುವಾಗ ಕಾಲು ಒತ್ತಲು ಬರುವುದಿಲ್ಲ.

ಗಿರಣಿಯಲ್ಲಿ ಐದಾರು ಮಂದಿ ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರು. ಲಕ್ಷ್ಮೀ ಹುಬ್ಬಿನ ತನಕ ಹಿಟ್ಟಾಗಿದ್ದಳು. ಗಿರಣಿಯ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು.

"ಲಕ್ಷ್ಮೀ, ಈ ರೊಟ್ಟಿ ಸೈರಾಬಾನುಗ ನೀ ಕೊಟ್ಟೀಯಂತ. ನಿಂದೇನ?"

"ಇಲ್ಲ ಕಾಕಿ. ಹಬ್ಬದಾಗ ಗಿರಣಿ ಬಿಟ್ಟು ಏಳಾಕ ಆಗಲಿಲ್ಲ, ಈ ವರ್ಷ ಒಂದು ರೊಟ್ಟೀನೂ ಮಾಡಿಲ್ಲ. ಮಂದಿ ಕೊಟ್ಟಿದ್ದನ್ನ ಮಂದೀಗೆ ಕೊಟ್ಟೆ. ತೋರಸ್ರಿ ಇಲ್ಲೆ." ನೋಡಿದವಳೇ, ತಡೆಯುವ ಮೊದಲೇ, ಬಾಯಿಂದ ಬಿತ್ತು: "ಇದು ಒಡ್ಡಿನ ರೊಟ್ಟಿ ಅಲ್ಲ?"

"ಏನ ರೊಟ್ಟಿ?"

"ಒಡ್ಡಿನ ರೊಟ್ಟಿ. ಓಣ್ಯಾಗ ಎಲ್ಲಾರೂ ಹಂಗ…" ಲಕ್ಷ್ಮೀ ನಾಲಿಗೆ ಕಚ್ಚಿಕೊಂಡಳು.

"ಹೆಸರೂ ಇಟ್ಟೀರಿ? ನನಗ ಗೊತ್ತಿಲ್ಲದ? ಯಾವಾಗಿಂದ?"

"ನಾ ಮದಿವಿ ಆಗಿ ಬಂದಾಗಿಂದ ಕೇಳೀನಿ ಕಾಕಿ. ಹದಿನೈದು ವರ್ಷ ಆತು."

"ಹದಿನೈದು ವರ್ಷದಿಂದ ಒಬ್ಬಾಕಿ ನನ್ನ ಕಣ್ಣ ತಪ್ಪಿಸಿ ಹಿಂಥಾ ರೊಟ್ಟಿ ಮಾಡ್ಯಾಳ. ಯಾರಾಕಿ? ಹೆಸರ ಹೇಳು, ಹೆದರಬ್ಯಾಡ. ನಾ ಅದೀನಿ."

ಲಕ್ಷ್ಮೀ ಕೈ ಚಾಚಿ ಗಿರಣಿ ಬಂದ್ ಮಾಡಿದಳು. ಸದ್ದು ನಿಂತಾಗ ಆ ಐದಾರು ಮಂದಿ ಹೆಂಗಸರು ತಮ್ಮ ತಮ್ಮ ಡಬ್ಬಿಯೊಳಗೆ ಏನನ್ನೋ ಹುಡುಕುತ್ತಿರುವುದು ಕಂಡಿತು. ಲಕ್ಷ್ಮೀ ಒಳಗೆ ಹೋಗಿ ಒಂದು ಸಣ್ಣ ಸ್ಟೀಲಿನ ಡಬ್ಬಿ ತಂದು ಕರೆವ್ವನ ಕೈಯಲ್ಲಿಟ್ಟಳು.

"ಆ ರೊಟ್ಟಿ ಜೋಡಿ ಗುರೆಳ್ಳ ಹಿಂಡಿ ಇದರಾಗ ಬಂದಿತ್ತು ಕಾಕಿ. ಹಿಂಡಿ ಭಾಳ ಚಲೋ ಇತ್ತು. ಡಬ್ಬಿ ತಿರುಗಿ ಕೊಡೂದು ಉಳದಿತ್ತು."

ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿತ್ತು. ಕರೆವ್ವನಿಗೆ ಓದಲು ಬರುವ ಮೂರು ಶಬ್ದಗಳಲ್ಲಿ ಎರಡನೆಯದು: ಗವಿಸಿದ್ದಪ್ಪ.

ಅವಳು ಡಬ್ಬಿಯನ್ನು ನೋಡಿದಳು, ರೊಟ್ಟಿಯನ್ನು ನೋಡಿದಳು. ಎರಡನ್ನೂ ಸೆರಗಿಗೆ ಹಾಕಿಕೊಂಡು ಗಿರಣಿಯ ಮೆಟ್ಟಿಲಿಳಿದಳು. ಹದಿನೈದು ವರ್ಷದಲ್ಲಿ ಕರೆವ್ವ ಸುಮ್ಮನೆ ಗಿರಣಿಯಿಂದ ಇಳಿದದ್ದು ಅದೇ ಮೊದಲು ಎಂದು ಲಕ್ಷ್ಮೀ ಆಮೇಲೆ ಹೇಳುತ್ತಿದ್ದಳು.

ಅರ್ಧ ದಾರಿಯಲ್ಲಿ ಒಂದು ಒಳ್ಳೆಯ ವಿಚಾರ ಬಂದು ಕರೆವ್ವನ ನಡಿಗೆ ಚುರುಕಾಯಿತು. ರಾಜೇಶ್ವರಿ. ಮನೆಯಲ್ಲಿ ಇಬ್ಬರು ಹೆಂಗಸರಿದ್ದಾರಲ್ಲ. ತಾನು ಮಾಡಿರದಿದ್ದರೆ ಅವಳೇ ಮಾಡಿರಬೇಕು. ಕೈ ಇನ್ನೂ ಕುಂತಿಲ್ಲದ ಹುಡುಗಿ. ಹಾಗಂತ ನಾಲ್ಕು ಮಂದಿಗೆ ಹೇಳಿಬಿಟ್ಟರೆ ಮುಗಿಯಿತು. ಹತ್ತು ಹೆಜ್ಜೆ ನಡೆಯುವುದರೊಳಗೆ ನಡಿಗೆ ಮತ್ತೆ ಸಡಿಲಾಯಿತು. ಈ ಸಲವೂ ಹಬ್ಬದ ರೊಟ್ಟಿಗೆ ಸೊಸೆಯ ಕೈ ಸೋಕಿಸಿಲ್ಲ, ನೂರಾ ಎಂಬತ್ತು ರೊಟ್ಟಿಯನ್ನೂ ತಾನೊಬ್ಬಳೇ ಬಡಿದಿದ್ದೇನೆ ಎಂದು ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಅವಳೇ ಹೇಳಿಕೊಂಡು ಬಂದಿದ್ದಳು. ಕೇಳದವರನ್ನು ನಿಲ್ಲಿಸಿ ಹೇಳಿದ್ದಳು.

ಮನೆಯಲ್ಲಿ ಗವಿಸಿದ್ದಪ್ಪ ಕಟ್ಟೆಯ ಮೇಲೆ ಕುಳಿತು ಊಟ ಮಾಡುತ್ತಿದ್ದ. ಕರೆವ್ವ ಬಾಗಿಲ ಬದಿಗೆ ನಿಂತು, ಮದುವೆಯಾದ ಮೇಲೆ ಮೊದಲ ಸಲ ಎಂಬಂತೆ, ಗಂಡ ರೊಟ್ಟಿ ತಿನ್ನುವುದನ್ನು ನೋಡಿದಳು. ಅವನು ರೊಟ್ಟಿ ಎತ್ತಿ, ತಿರುಗಿಸಿ ತಿರುಗಿಸಿ ದಪ್ಪ ಅಂಚು ಹುಡುಕಿ, ಅಲ್ಲಿ ಹಿಡಿದುಕೊಂಡು, ಈ ಕಡೆಯಿಂದ ಮುರಿದು ತಿನ್ನುತ್ತ ಬಂದ. ಕೊನೆಗೆ ಉಳಿದ ಅಂಚನ್ನು ಕಟ್ಟೆಯ ಕೆಳಗೆ ಕಟ್ಟಿದ್ದ ಆಡಿಗೆ ಕೊಟ್ಟ. ಆಡು ಆ ತುಂಡಿಗಾಗಿಯೇ ಬಾಯಿ ತೆರೆದು ಕಾಯುತ್ತಿತ್ತು.

"ಏನ್ರಿ, ನನ್ನ ರೊಟ್ಟಿ ಒಂದ ಕಡೆ ದಪ್ಪ ಇರತಾವೇನ್ರಿ?"

"ಹೂಂ."

"ಯಾವಾಗಿಂದ?"

"ನೀ ಬಂದಾಗಿಂದ."

"ಮೂವತ್ತೆಂಟು ವರ್ಷ ಒಂದ ಮಾತ ಹೇಳಬಾರದೇನ್ರಿ?"

ಗವಿಸಿದ್ದಪ್ಪ ಆಡಿನ ತಲೆ ಸವರಿದ. "ಹಿಡಕೊಳ್ಳಾಕ ಬಿಟ್ಟೀ ಅಂತ ತಿಳಕೊಂಡಿದ್ದೆ," ಎಂದ. "ಕೊಡಲಿಗೆ ಕಾವು ಇರತೈತಲ್ಲ, ಹಂಗ."

ಕರೆವ್ವ ಒಳಗೆ ಹೋಗಿ ಒಲೆ ಹೊತ್ತಿಸಿದಳು. ನಡುಹಗಲು, ಯಾರಿಗೂ ಹಸಿವಿಲ್ಲದ ಹೊತ್ತು. ಎಸರಿಟ್ಟು, ಹಿಟ್ಟು ನಾದಿ, ಉಂಡೆ ಹಲಗೆಯ ಮೇಲಿಟ್ಟಳು. ಎದುರಿಗೆ ರಾಜೇಶ್ವರಿ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಕರೆವ್ವ ಬಡಿಯತೊಡಗಿದಳು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ರೊಟ್ಟಿ ಕೈಯ ಕೆಳಗೆ ಚಂದಾಗಿ ಹರಡುತ್ತಿತ್ತು.

"ರಾಜಿ, ಹರಳ ಉಳದೈತಿ ನೋಡಲ್ಲೆ ಕಡ್ಲಿಯೊಳಗ," ಎಂದಳು. ಹೇಳಿ ಕೆಳಗೆ ನೋಡಿದರೆ ರೊಟ್ಟಿ ಆಗಲೇ ಹಂಚಿನ ಮೇಲಿತ್ತು. ಕೈ ತನ್ನಷ್ಟಕ್ಕೆ ತಾನೇ ಎತ್ತಿ ಹಾಕಿತ್ತು. ಒಂದು ಕಡೆ ಒಡ್ಡು.

ಎರಡನೇ ಉಂಡೆ. ಮೂರು ಸುತ್ತು ಆಗುತ್ತಿದ್ದಂತೆ ಬಾಗಿಲ ಮುಂದೆ ಯಾರೋ ಹಾದಂತಾಯಿತು, ಯಾರೆಂದು ನೋಡಿದಳು. ಒಡ್ಡು. ಮೂರನೇ ಉಂಡೆಗೆ ಹಲ್ಲು ಕಚ್ಚಿಕೊಂಡು ಕುಳಿತಳು. ಆದರೆ ಗವಿಸಿದ್ದಪ್ಪ ಹೊರಗೆ ಕೈ ತೊಳೆದ ನೀರನ್ನು ಗಿಡಕ್ಕೆ ಚೆಲ್ಲುವ ಬದಲು ಕಲ್ಲಿಗೆ ಚೆಲ್ಲಿದ ಸದ್ದು ಕೇಳಿತು. ಕಣ್ಣು ಹೋಗಿಯೇ ಹೋಯಿತು.

ಕರೆವ್ವ ಮೂರೂ ರೊಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಳು. ಕೈಯದೇನೂ ತಪ್ಪಿಲ್ಲ. ಪ್ರತಿ ರೊಟ್ಟಿಯಲ್ಲೂ ಅವಳು ತಲೆ ಎತ್ತಿ ಮಂದಿಯನ್ನು ನೋಡಿದ ಜಾಗ ಹಾಗೆಯೇ ದಪ್ಪಗೆ ಉಳಿದಿತ್ತು. ಮೂವತ್ತೆಂಟು ವರ್ಷದ ಒಡ್ಡನ್ನೆಲ್ಲ ಒಂದಕ್ಕೊಂದು ಜೋಡಿಸಿದ್ದರೆ ಹೊಳೆಮಣ್ಣೂರಿನ ತನಕ ಹಾಕಿ ಮಲಪ್ರಭೆಯ ನೀರು ಊರೊಳಗೆ ಬರದಂತೆ ತಡೆಯಬಹುದಿತ್ತು.

"ಮೂರನೇ ಸುತ್ತಿಗೆ," ಎಂದಳು ರಾಜೇಶ್ವರಿ, ಮೊರದಿಂದ ಕಣ್ಣೆತ್ತದೆ.

"ಏನ ಅಂದಿ?"

"ಮೂರನೇ ಸುತ್ತು ಆದ ಮ್ಯಾಲೆ ನೀವು ತಲಿ ಎತ್ತತೀರಿ ಅತ್ತಿ. ಏಳು ವರ್ಷ ನಿಮ್ಮ ಎದರಿಗೆ ಕುಂತೀನ್ರಿ. ನೀವು ತಲಿ ಎತ್ತಿದ್ರ ನನಗ ಬೈಗಳಾ ಬರತಿತ್ತು. ಅದಕ್ಕ ಸುತ್ತು ಎಣಸಕೊಂತ ಇರತಿದ್ದೆ. ಮೂರು ಆದ ಕೂಡಲೇ ಹುಷಾರಾಗತಿದ್ದೆ."

ಕರೆವ್ವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅದರ ಬದಲು ಒಂದು ಸಣ್ಣ ನಗೆ ಬಂತು. ತಾನು ತನ್ನನ್ನು ಒಮ್ಮೆಯೂ ನೋಡಿಕೊಳ್ಳದ ಮನೆಯಲ್ಲಿ ಇವಳೊಬ್ಬಳು ಸುತ್ತು ಎಣಿಸಿಕೊಂಡು ಕುಳಿತಿದ್ದಳಲ್ಲ.

ಇನ್ನು ಉಳಿದದ್ದು ಫಲಕದ ಮಾತು. ಯಾರೂ ಎದುರು ಬಂದು ಹೇಳುವವರಲ್ಲ. ಹದಿನೈದು ವರ್ಷ ಹೇಳದವರು ಈಗ ಹೇಳುತ್ತಾರೆಯೇ? ಡಬ್ಬಿಯನ್ನು ಅಟ್ಟದ ಮೇಲೆ ಒಗೆದು, ಮಾಡಿದಾಕಿ ಸಿಗಲಿಲ್ಲ ಎಂದರೆ ಸಿದ್ದವ್ವ ಹೂಂ ಅನ್ನುತ್ತಾಳೆ, ಸೋಮವಾರ ಬಾಗಿಲ ಮೇಲೆ ಹೆಸರು ಏರುತ್ತದೆ. ಕರೆವ್ವ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಅಟ್ಟದ ಕೆಳಗೆ ನಿಂತದ್ದೂ ನಿಜ. ಆದರೆ ಆ ಖೋಲಿಯಲ್ಲಿ ಕೆಮ್ಮಿದವರ ಮುಖಗಳು ಒಂದೊಂದಾಗಿ ನೆನಪಾದವು. ಫಲಕದ ಕೆಳಗೆ ತಾನು ಕುಳಿತಾಗ ಪ್ರತಿದಿನವೂ ಅವರಿಗೆ ಕೆಮ್ಮು ಬರುತ್ತದೆ.

ಸಂಜೆಗೆ ಸಿದ್ದವ್ವನ ಮನೆಗೆ ಹೋದಳು.

"ನಾ ಹೇಳಿದ್ದು ಬರಕೊಂಡೀಯಲ್ಲ, ಓದು."

ಸಿದ್ದವ್ವ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು. ಬಾಯಿ ಮುಚ್ಚಿಕೊಂಡು ಎಂಬಲ್ಲಿ ಸ್ವಲ್ಪ ಹೆಚ್ಚು ನಿಧಾನವಾಗಿ.

"ಹೆಸರ ಬರಿ," ಎಂದಳು ಕರೆವ್ವ.

"ಯಾರ ಹೆಸರು?"

"ನಿನಗ ಗೊತ್ತಿಲ್ಲೇನ?"

"ಗೊತ್ತೈತಿ. ನಿನ್ನ ಬಾಯಿಂದ ಕೇಳಬೇಕಂತ ಇಡೀ ಓಣಿ ಕಾಯಾಕತ್ತೈತಿ."

"ಕರೆವ್ವ, ಗಂಡ ಗವಿಸಿದ್ದಪ್ಪ," ಎಂದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸು ಅವತ್ತು ಅದನ್ನೂ ಹೇಳಿಬಿಟ್ಟಳು.

ಸಿದ್ದವ್ವ ಬರೆದುಕೊಂಡಳು. "ಫಲಕಾ ಬರಿಯಾಂವ ನಾಳೆ ಬರತಾನ ಕರೆವ್ವಾ. ಎಂಟು ದಿನ ಕಾಯಂಗಿಲ್ಲ. ಯಾರ ಹೆಸರ ಹೇಳಲಿ? ಆರಸೂ ಕೆಲಸ ನಿಂದ."

ಕರೆವ್ವ ತನ್ನ ಕಾಲುಂಗುರ ತಿರುವಿದಳು. ಸೊಸೆಯ ರೊಟ್ಟಿ ಹೇಗಿರುತ್ತದೆಂದು ನೆನಪು ಮಾಡಿಕೊಂಡಳು. ಏಳು ವರ್ಷದಲ್ಲಿ ಅದರ ಮೇಲೆ ಆಡಿದ ಮಾತು ನೆನಪಾಯಿತು, ರೊಟ್ಟಿಯಲ್ಲಿದ್ದ ಒಂದು ತಪ್ಪು ಮಾತ್ರ ನೆನಪಾಗಲಿಲ್ಲ.

"ನಮ್ಮ ರಾಜೇಶ್ವರಿ ಹೆಸರ ಹಾಕಸು. ಮೊದಲನೇ ಒಲೀನೂ ಆಕೀಗೆ ಕೊಡು. ಆಕಿ ಎಳ್ಳ ಒಂದೀಟು ಕಡಿಮಿ…" ಎಂದವಳು ಅಲ್ಲೇ ನಿಂತಳು.

ಸಿದ್ದವ್ವ ಪುಸ್ತಕದೊಳಗಿಂದ ಆ ಖಾಲಿ ಹಾಳೆ ತೆಗೆದು ಮುಂದಿಟ್ಟಳು. "ಗದಗಿನ ಬಾಯಾರು ಮತ್ತ ಬರತಾರ. ಇದನ್ನ ತುಂಬತೀಯೇನ?"

ಕರೆವ್ವ ಪೆನ್ನು ಇಸಿದುಕೊಂಡು ಹಾಳೆಯ ನಡುವೆ ಒಂದು ಗುಂಡು ಗೆರೆ ಹಾಕಿದಳು. ಒಂದು ಕಡೆ ಅದನ್ನು ತೀಡಿ ತೀಡಿ ದಪ್ಪ ಮಾಡಿದಳು. ಮಸಿ ಹಾಳೆಯ ಹಿಂಬದಿಗೂ ಇಳಿಯಿತು.

ಸೋಮವಾರ ಕೇಂದ್ರ ತೆರೆಯಿತು. ಮೊದಲನೇ ಒಲೆಯಲ್ಲಿ ರಾಜೇಶ್ವರಿ, ಅವಳೆದುರು ತಲೆ ತಗ್ಗಿಸಿ, ಬಾಯಿ ಮುಚ್ಚಿಕೊಂಡು ಕರೆವ್ವ. ಆ ಎಂಟು ದಿನ ಸಂಘದ ಖೋಲಿಗೆ ಬಂದಷ್ಟು ಜನ ಹಬ್ಬಕ್ಕೂ ಬಂದಿರಲಿಲ್ಲ. ಉಪ್ಪು ಕೇಳಲು ಬಂದರು, ಬೆಂಕಿಪೆಟ್ಟಿಗೆ ಕೇಳಲು ಬಂದರು. ಬೀಬಿಜಾನ್ ಎಲೆ ಅಡಿಕೆ ಚೀಲವನ್ನೇ ತಂದು ಬೆಚ್ಚಗಿನ ಮೂಲೆಯಲ್ಲಿ ಅಡಿವೆವ್ವನ ಪಕ್ಕದಲ್ಲಿ ಕುಳಿತುಬಿಟ್ಟಳು. ಸೈರಾಬಾನು ಬೇಕೆಂದೇ ಎದುರಿಗೆ ಒಂದು ರೊಟ್ಟಿಯನ್ನು ಸೊಟ್ಟಗೆ ಬಡಿದು ತೋರಿಸಿದಳು. ಕರೆವ್ವ ಸೆರಗಿನ ತುದಿ ಕಚ್ಚಿಕೊಂಡಳು. ಐದನೇ ದಿನ ಸೆರಗಿಗೆ ತೂತು ಬಿತ್ತು. ಆದರೆ ಮಾತಾಡಲಿಲ್ಲ. ಬಾಯಿ ಸುಮ್ಮನಿದ್ದಾಗ ಕಣ್ಣಿಗೆ ಅತ್ತಿತ್ತ ಹೋಗಲು ಕಾರಣ ಕಡಿಮೆಯಾಗುತ್ತ ಬಂತು. ಕಲಿಯಲೆಂದು ಅತ್ತೆ ಬಡಿಯುವ ರೊಟ್ಟಿ ಮೂರನೇ ಸುತ್ತಿಗೆ ಬಂದಾಗ ಸೊಸೆ ಹಲಗೆಯ ಮೇಲೆ ಒಂದು ಬೆರಳು ಬಡಿಯುವಳು, ಅತ್ತೆಯ ತಲೆ ಮೇಲೇಳದೆ ಕೆಳಗೇ ಉಳಿಯುವುದು.

ಒಂಬತ್ತನೇ ದಿನ ಅವಳು ಆರನೇ ಒಲೆ ಕೇಳಿಕೊಂಡಳು. ಹೊಗೆ ಬರುತ್ತದೆಂದು ಯಾರೂ ಕೂರದ ಒಲೆ ಅದು. ಗೋಡೆಗೆ ಮುಖ ಮಾಡಿಕೊಂಡು ಕೂರಬೇಕು. ಕಣ್ಣಿಗೆ ಹೋಗಲು ಅಲ್ಲಿ ಜಾಗವೇ ಇರಲಿಲ್ಲ, ಸುಣ್ಣ ಬಳಿದ ಗೋಡೆ ಬಿಟ್ಟರೆ. ಹತ್ತರಲ್ಲಿ ಎಂಟು ರೊಟ್ಟಿ ಗುಂಡಗೆ, ಸಮನಾಗಿ ಬಂದವು. ಸೈರಾಬಾನು ಒಂದನ್ನು ತನ್ನ ಅತ್ತೆಗೆ ಕೊಟ್ಟಳು. ಬೀಬಿಜಾನ್ ಅಂಚು ಕಡಿದು, ಬೆರಳಿನಿಂದ ಹಲ್ಲು ಎಣಿಸಿಕೊಂಡು, "ನಾಕೂ ಅದಾವು" ಎಂದಳು. ಅವತ್ತು ಸಂಜೆ ಕರೆವ್ವ ಕುಪ್ಪಸ ತಂದು, "ತೋಳ ಬಿಚ್ಚಿಕೊಡವಾ, ಬೆಳದಾವು" ಎಂದು ಮಷಿನ್ನಿನ ಮೇಲಿಟ್ಟು ಹೋದಳು.

ಒಂದು ಮಾತು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಗೋಡೆ ಕಣ್ಣಿಗಷ್ಟೇ ಇತ್ತು.

ಹದಿನೈದು ದಿನವಾಗಿತ್ತು. ಹಿಂದೆ ಐದು ಒಲೆಗಳ ಮೇಲೆ ಪಟ ಪಟ ರೊಟ್ಟಿ ಬಡಿಯುವ ಸದ್ದು. ಕರೆವ್ವ ಗೋಡೆ ನೋಡಿಕೊಂಡೇ, ತಲೆ ತಿರುಗಿಸದೆ ಹೇಳಿದಳು: "ಮೂರನೇ ಒಲಿಯಾಕಿ, ಹಿಟ್ಟ ಬಿಗಿ ಆಗೇತಿ. ಸದ್ದು ಕೇಳಸಾಕತ್ತೈತಿ. ಎಸರ ಚಿಮಕಸಕೋ."

"ಅತ್ತಿ," ಎಂದಳು ಬಾಗಿಲ ಕಡೆಯಿಂದ ಮುಖ್ಯಸ್ಥೆ, "ನಿಮ್ಮ ಹಲಗಿ ನೋಡ್ರಿ."

ಕರೆವ್ವ ನೋಡಿದಳು. ರೊಟ್ಟಿ ಹಂಚಿನ ಮೇಲೇರಿತ್ತು. ಒಂದು ಕಡೆ ಸಣ್ಣ ಒಡ್ಡು. ಯಾರೂ ಕೆಮ್ಮಲಿಲ್ಲ, ಎಲ್ಲರೂ ಬಾಯಿಬಿಟ್ಟೇ ನಕ್ಕರು. ಕರೆವ್ವ ರೊಟ್ಟಿ ಬೇಯುವ ತನಕ ಕಾದು, ಕೆಳಗಿಳಿಸಿ, ಆರಿಸಿ, ಆ ಅಂಚನ್ನು ಮುರಿದು ತಾನೇ ಬಾಯಿಗೆ ಹಾಕಿಕೊಂಡಳು. ಮೂವತ್ತೆಂಟು ವರ್ಷದಲ್ಲಿ ಅವಳು ಅದನ್ನು ಲಕ್ಷ್ಯ ಕೊಟ್ಟು ತಿಂದದ್ದು ಅದೇ ಮೊದಲು. ಅಗಿದಳು, ಮತ್ತೆ ಅಗಿದಳು. ಉಳಿದ ತುಂಡನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಗಂಡ ಹೇಳಿದ್ದು ಸುಳ್ಳಲ್ಲ. ಹಿಡಿದುಕೊಳ್ಳಲು ಮಾತ್ರ ಚೆನ್ನಾಗಿತ್ತು.